ಕಣ್ಣು ತೆರೆಸದ ಮೂರ್ತಿ

ವಿಗ್ರಹ ಮಾಡುವವರಿಗೆ ಕೊನೆಯ ಕೆಲಸ ಕಣ್ಣು ತೆರೆಸುವುದು. ಅದಾದ ಮೇಲೆ ಉಳಿ ಕೆಳಗಿಡಬೇಕು. ಶಿವಾರಪಟ್ಟಣದಲ್ಲಿ ಕೆಲಸ ಕಲಿತ ನನಗೆ ಇಪ್ಪತ್ತು ವರ್ಷದಿಂದ ಅದೇ ಅಭ್ಯಾಸ. ಹಾಗಾಗಿ ಒಂದು ಸೇನಾ ನೆಲೆಯವರು ಹುತಾತ್ಮರ ಸ್ಮಾರಕ ಮಾಡಿಕೊಡಿ ಎಂದು ಕರೆದಾಗ, ನಾನು ಒಯ್ದ ನಕ್ಷೆಯಲ್ಲಿ ಒಬ್ಬ ಯೋಧ ಇದ್ದ. ದಪ್ಪ ಮೀಸೆ, ಕೆಂಡದಂಥ ಕಣ್ಣು, ಮುಂದೆ ಚಾಚಿದ ಬಂದೂಕು. ತಲೆಯಲ್ಲಿ ನಮ್ಮ ವೀರಗಲ್ಲುಗಳೇ ಇದ್ದವು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ.

ಕರ್ನಲ್ ಸಾಹೇಬರು ನಕ್ಷೆ ನೋಡಿ ಚೆನ್ನಾಗಿದೆ ಅಂದರು. ಆಮೇಲೆ, "ಇದು ಯಾರ ಮುಖ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆತ್ತಬೇಕಾದ ಹೆಸರು 38. ಒಂದು ಮುಖ ಇಟ್ಟರೆ ಉಳಿದ 37 ಮನೆಯವರು ಬಂದು ಏನು ನೋಡಬೇಕು? ನಕ್ಷೆ ಸುತ್ತಿ ಬಗಲಿಗಿಟ್ಟುಕೊಂಡೆ.

ಕೊನೆಗೆ ಒಪ್ಪಿದ್ದು ಎಲ್ಲರಿಗೂ ಗೊತ್ತಿರುವ ರೂಪವನ್ನೇ. ತಲೆಕೆಳಗಾಗಿ ನಿಂತ ಬಂದೂಕು, ಅದರ ಮೇಲೆ ಹೆಲ್ಮೆಟ್. 1971ರ ಯುದ್ಧದ ನಂತರ, 1972ರ ಜನವರಿ 26ರಂದು ಇಂಡಿಯಾ ಗೇಟ್ ಕೆಳಗೆ ಅಮರ್ ಜವಾನ್ ಜ್ಯೋತಿ ಉದ್ಘಾಟನೆ ಆಯಿತಲ್ಲ, ಅಲ್ಲಿದ್ದದ್ದೂ ಇದೇ. ಸುಲಭದ ಕೆಲಸ ಅಂದುಕೊಂಡೆ. ಕೈಕಾಲು ಇಲ್ಲ, ಮುಖ ಇಲ್ಲ, ಬಟ್ಟೆಯ ನೆರಿಗೆ ಇಲ್ಲ.

ಆದರೆ ಯಾವ ಬಂದೂಕು? ಪಟ್ಟಿಯಲ್ಲಿ 1965ರವರಿದ್ದರು, 1971ರವರಿದ್ದರು, 1999ರ ಕಾರ್ಗಿಲ್‌ನವರೂ ಇದ್ದರು. ಮೊದಲನೆಯವರ ಕಾಲಕ್ಕೆ ತ್ರೀ ನಾಟ್ ತ್ರೀ ರೈಫಲ್ ಇನ್ನೂ ಓಡಾಡುತ್ತಿತ್ತು. ಕಾರ್ಗಿಲ್ ಹೊತ್ತಿಗೆ ಇನ್ಸಾಸ್ ಬಂದಿತ್ತು. ಈ ಚರ್ಚೆಗೇ ಎರಡು ಮೀಟಿಂಗ್ ಹೋಯಿತು. ನಡುವಿನ ಕಾಲದ ರೈಫಲ್ ಎಸ್‌ಎಲ್‌ಆರ್ ಇರಲಿ ಎಂದು ತೀರ್ಮಾನವಾಯಿತು.

ಅಳತೆಗೆ ಕವಾಯತಿಗೆ ಬಳಸುವ ಒಂದು ಡ್ರಿಲ್ ರೈಫಲ್ ತೋರಿಸಿದರು. ಫೋನ್ ಗೇಟಿನಲ್ಲೇ ಕೊಟ್ಟು ಹೋಗಬೇಕು, ಫೋಟೋ ಮಾತೇ ಇಲ್ಲ. ಪಕ್ಕದಲ್ಲಿ ಒಬ್ಬ ಜವಾನ ನಿಂತಿದ್ದ. ಕ್ಯಾಲಿಪರ್, ಟೇಪು, ಡ್ರಾಯಿಂಗ್ ಹಾಳೆ ಇಟ್ಟುಕೊಂಡು ಮೂರು ದಿನ ಬರೆದುಕೊಂಡೆ. ಉದ್ದ 1,143 ಮಿಲಿಮೀಟರ್. ಬಯಲಲ್ಲಿ ನಿಲ್ಲಿಸಿದರೆ ನಿಜದ ಅಳತೆ ಕಡ್ಡಿಯ ಹಾಗೆ ಕಾಣುತ್ತದೆ, ಅದಕ್ಕೆ ಒಂದೂವರೆ ಪಟ್ಟು ಮಾಡಿದೆ.

ಮಣ್ಣಿನ ಮಾದರಿ ಮುಗಿದ ಮೇಲೆ ನೋಡಲು ಬಂದವರು ಧಾರವಾಡ ಕಡೆಯ ಒಬ್ಬ ಸುಬೇದಾರ್. ಒಂದು ಸುತ್ತು ಹಾಕಿದರು. ನಿಂತರು. "ಏನ್ರೀ ಶಿಲ್ಪಿಗಳ, ಇದನ್ನ ಕನ್ನಡ್ಯಾಗ ನೋಡಿ ಮಾಡೀರೇನು?" ಅಂದರು.

ಗುಂಡು ಏರಿಸಲು ಎಳೆಯುವ ಕಾಕಿಂಗ್ ಹ್ಯಾಂಡಲ್ ಬಲಗಡೆ ಇಟ್ಟಿದ್ದೆ. ಎಸ್‌ಎಲ್‌ಆರ್‌ಗೆ ಅದು ಎಡಗಡೆ. ಬಲಗೈ ಟ್ರಿಗರ್ ಪಕ್ಕದ ಹಿಡಿಯ ಮೇಲೇ ಇರಬೇಕು, ಎಡಗೈಯಲ್ಲಿ ಎಳೆಯಬೇಕು, ಲೆಕ್ಕ ಅದು. ಹಾಳೆಯಲ್ಲಿ ಸರಿಯಾಗೇ ಬರೆದುಕೊಂಡಿದ್ದೆ. ಬಂದೂಕು ತಲೆಕೆಳಗಾಗಿದ್ದರಿಂದ ಮಣ್ಣು ಮೆತ್ತುವಾಗ ಎಡಬಲ ಅದಲುಬದಲಾಗಿತ್ತು. ಪುಣ್ಯಕ್ಕೆ ಇನ್ನೂ ಮಣ್ಣಿನಲ್ಲಿತ್ತು. ಕಂಚಾಗಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಅವತ್ತಿಂದ ಮಾದರಿಗೆ 'ಎಡ', 'ಬಲ' ಅಂತ ಚೀಟಿ ಅಂಟಿಸಿಕೊಂಡೇ ಕೆಲಸ ಮಾಡಿದೆ. ಹುಡುಗರು ನಗುತ್ತಿದ್ದರು.

ಇನ್ನು ಎರಕ. ಮಣ್ಣಿನ ಮಾದರಿಯನ್ನು ಮೊದಲು ಮೇಣಕ್ಕೆ ಇಳಿಸಬೇಕು, ಅಚ್ಚಿನೊಳಗೆ ಆ ಮೇಣ ಕರಗಿ ಹೋದ ಜಾಗಕ್ಕೆ ಕಂಚು ಹೊಯ್ಯಬೇಕು. ಹೆಲ್ಮೆಟ್ ತೊಂದರೆ ಕೊಡಲಿಲ್ಲ, ಬಂದೂಕು ಕೊಟ್ಟಿತು. ಉದ್ದನೆಯ ಸಣ್ಣ ವಸ್ತುವನ್ನು ಮೇಣದಲ್ಲಿ ಮಾಡುವುದು ಕಷ್ಟ. ಏಪ್ರಿಲ್ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ನಳಿಕೆ ಬಾಳೆದಿಂಡಿನ ಹಾಗೆ ಬಾಗಿತು. ಆಮೇಲೆ ನಳಿಕೆ, ನಡುಭಾಗ, ಹಿಂಭಾಗ ಅಂತ ಮೂರು ತುಂಡು ಮಾಡಿ ಬೇರೆ ಬೇರೆ ಎರಕ ಹೊಯ್ದು ಆರ್ಗಾನ್ ವೆಲ್ಡಿಂಗ್‌ನಲ್ಲಿ ಸೇರಿಸಿದೆವು. ಕಂಚಿನಲ್ಲಿ ನೂರಕ್ಕೆ 85 ತಾಮ್ರ, ತವರ, ಸತು, ಸೀಸ ತಲಾ 5. ಕಂಚು ಆರುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ, ಮೇಣದಲ್ಲೇ ಅಷ್ಟು ಜಾಸ್ತಿ ಕೊಟ್ಟಿರಬೇಕು. ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಯಿಸಿ ಪೀಠದ ಕಾಂಕ್ರೀಟಿಗೆ ಇಳಿಸಿದೆ. ಸಾದಾ ಕಬ್ಬಿಣ ಹಾಕಲೇಬೇಡಿ. ಮಳೆನೀರು ಸಿಕ್ಕರೆ ಕಂಚಿನ ಪಕ್ಕ ಬೇಗ ತುಕ್ಕು ತಿನ್ನುತ್ತದೆ.

ಹೆಸರುಗಳನ್ನು ಕರಿಕಲ್ಲಿನಲ್ಲಿ ಉಳಿಯಿಂದಲೇ ಕೆತ್ತಿದೆ. ಕೆತ್ತುವುದಕ್ಕಿಂತ ಹೆಸರು ಹೊಂದಿಸುವುದು ಕಷ್ಟ. ಇಂಗ್ಲಿಷ್ ದಾಖಲೆಯಲ್ಲಿ ಒಬ್ಬರ ಹೆಸರಿನಲ್ಲಿದ್ದ 'ಅಪ್ಪ'ಗೆ ಒಂದೇ 'ಪಿ' ಇತ್ತು. ಮನೆಯವರು ಎರಡು ಬರೆಯುತ್ತಿದ್ದರು. ನಾನಂತೂ ಮನೆಯವರ ಕಡೆ. ಆದರೆ ತೀರ್ಮಾನ ನನ್ನದಲ್ಲ. ಕಚೇರಿಗೂ ಊರಿಗೂ ಪತ್ರ ಓಡಾಡಿ, ಆರು ವಾರದ ಮೇಲೆ ಎರಡನೇ 'ಪಿ'ಗೆ ಒಪ್ಪಿಗೆ ಬಂತು. ಅಷ್ಟು ದಿನ ಆ ಸಾಲು ಬಿಟ್ಟು ಮುಂದಿನದು ಕೆತ್ತುತ್ತಿದ್ದೆ.

ಮೂರು ಹಲಗೆಗಳಲ್ಲಿ ಎರಡಕ್ಕೇ ಹೆಸರು ಮುಗಿಯಿತು. ಮೂರನೆಯದಕ್ಕೆ ಲಾಂಛನ ಹಾಕೋಣವೇ ಅಂತ ಕೇಳಿದೆ. "ಬೇಡ, ಖಾಲಿ ಇರಲಿ" ಅಂದರು ಕರ್ನಲ್ ಸಾಹೇಬರು. ಏಕೆ ಅಂತ ಕೇಳುವಷ್ಟು ದಡ್ಡ ನಾನಲ್ಲ. ಆದರೂ ಕೈ ಕೇಳಬೇಕಲ್ಲ, ಅಭ್ಯಾಸಬಲದಿಂದ ಉಳಿದೆರಡರ ಹಾಗೆ ಅದರ ಮೇಲೂ ಸೀಮೆಸುಣ್ಣದಲ್ಲಿ ಸಾಲು ಗೆರೆ ಹಾಕಿಟ್ಟಿದ್ದೆ. ಕಾವಲಿಗಿದ್ದ ಹವಾಲ್ದಾರ್ ಅದನ್ನೇ ನೋಡುತ್ತಿದ್ದರು. "ಗೆರೆ ಒರೆಸಿಬಿಡಿ" ಅಂದರು. ಒದ್ದೆ ಬಟ್ಟೆ ತಂದು ಒರೆಸಿದೆ.

ಕೊನೆಗೆ ಬಣ್ಣ. ಹೊಸ ಕಂಚು ಹೊಳೆಯುತ್ತದೆ, ಅದು ಸ್ಮಾರಕಕ್ಕೆ ಹೊಂದುವುದಿಲ್ಲ. ಬರ್ನರ್‌ನಲ್ಲಿ ಬಿಸಿ ಮಾಡಿ, ಪೊಟ್ಯಾಸಿಯಂ ಸಲ್ಫೈಡ್ ದ್ರಾವಣವನ್ನು ಬ್ರಷ್ಷಿನಲ್ಲಿ ಪದರ ಪದರವಾಗಿ ಹಚ್ಚಬೇಕು. ಕೊಳೆತ ಮೊಟ್ಟೆಯ ವಾಸನೆ, ಆದರೆ ಬಣ್ಣ ಹುರಿದ ಕಾಫಿಬೀಜದ್ದು. ಮೇಲೆ ಮೇಣ ತಿಕ್ಕಿ ಮುಗಿಸಿದೆ. ಕೈ ಸುಮ್ನೆ ಇರಲಿಲ್ಲ, ಇನ್ನೇನೋ ಬಾಕಿ ಇದೆ ಅಂತ ಹೆಲ್ಮೆಟ್ ಸುತ್ತ ಎರಡು ಸಲ ಸವರಿ ನೋಡಿದೆ. ತೆರೆಸುವುದಕ್ಕೆ ಕಣ್ಣು ಇರಲಿಲ್ಲ.

ಉದ್ಘಾಟನೆಯಾಗಿ ಎರಡು ತಿಂಗಳಿಗೆ ಆ ಕಡೆ ಹೋಗಿದ್ದೆ. ದೂರದಿಂದ ನೋಡಿಯೇ ಎದೆ ಧಸಕ್ ಅಂತು. ಹೆಲ್ಮೆಟ್ಟು ದೇವಸ್ಥಾನದ ಕಳಸದ ಹಾಗೆ ಥಳಥಳ ಹೊಳೆಯುತ್ತಿದೆ! ಜವಾನರು ಬ್ರಾಸೋ ಹಾಕಿ ತಿಕ್ಕಿದ್ದರು. ಬಕಲ್, ಬ್ಯಾಡ್ಜು ಹೊಳೆಸಿ ಅಭ್ಯಾಸ. ಅವರ ಕಣ್ಣಿಗೆ ನನ್ನ ಬಣ್ಣ ಕೊಳೆಯಾಗಿ ಕಂಡಿದೆ. "ಇಷ್ಟು ದೊಡ್ಡ ಜಾಗ, ಮಾಸಿದ ಹಾಗೆ ಬಿಡೋದು ಹೇಗೆ ಸಾರ್?" ಅಂದ ಒಬ್ಬ ಹುಡುಗ. ಬೈಯಲು ಬಾಯಿ ಬರಲಿಲ್ಲ.

ಬರ್ನರ್ ತಂದು ಎರಡು ದಿನ ಕೂತು ಮತ್ತೆ ಬಣ್ಣ ಏರಿಸಿದೆ. ಹೊರಡುವಾಗ ಒಂದು ಡಬ್ಬ ಮೇಣ, ಒಂದು ಮೆತ್ತನೆ ಬಟ್ಟೆ ಕೊಟ್ಟು, ಆರು ತಿಂಗಳಿಗೊಮ್ಮೆ ಹಚ್ಚಿದರೆ ಸಾಕು ಎಂದು ಹೇಳಿ ಬಂದೆ.

ಪ್ರತಿ ಶನಿವಾರ ಹಚ್ಚುತ್ತಾರಂತೆ. ಮೊನ್ನೆ ಸುಬೇದಾರರು ಫೋನ್ ಮಾಡಿದ್ದರು. ಮೇಣ ಖಾಲಿಯಾಗಿದೆ, ಇನ್ನೊಂದು ಡಬ್ಬ ಬೇಕಂತೆ.