‘ಸ್ಪಾರ್ಸ್‌ಲಿ’ ಯಾವ ‘ವಿರಳ’ಕ್ಕೆ ಸಲ್ಲುತ್ತದೆ?

ಇಂಗ್ಲಿಷಿನ ‘ಸ್ಪಾರ್ಸ್‌ಲಿ’ ಎಂಬ ಕ್ರಿಯಾವಿಶೇಷಣಕ್ಕೆ ಕನ್ನಡದಲ್ಲಿ ‘ವಿರಳವಾಗಿ’ ಎಂದು ಅರ್ಥ ಹೇಳುವುದು ವಾಡಿಕೆ. ಅದು ತಪ್ಪಲ್ಲ, ಆದರೆ ನಮ್ಮ ‘ವಿರಳ’ಕ್ಕೆ ಎರಡು ಮುಖಗಳಿವೆ. ‘ಇಲ್ಲಿ ಮನೆಗಳು ವಿರಳ’ ಎಂದಾಗ ಅದು ಜಾಗದ ಮಾತು. ‘ಅವರು ನಗುವುದು ವಿರಳ’ ಎಂದಾಗ ಕಾಲದ ಮಾತು. ‘ಸ್ಪಾರ್ಸ್‌ಲಿ’ ಮುಖ್ಯವಾಗಿ ಸಲ್ಲುವುದು ಮೊದಲನೆಯದಕ್ಕೆ. ಎರಡನೆಯದಕ್ಕೆ ‘ರೇರ್‌ಲಿ’ ಅಥವಾ ‘ಸೆಲ್ಡಮ್’ ಎಂದೇ ಬರೆಯಬೇಕು.

ಈ ಪದದ ಬೇರು ‘ಚೆಲ್ಲು, ಎರಚು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಲ್ಲಿದೆ. ಕೈಯಿಂದ ಎರಚಿದ ಬೀಜ ಹೊಲದ ಒಂದು ಮೂಲೆಯಲ್ಲಿ ದೂರದೂರ ಬಿದ್ದು ಪೈರು ತೆಳ್ಳಗೆ ಹುಟ್ಟಿರುವುದನ್ನು ನೆನೆದರೆ ಅರ್ಥ ಮನಸ್ಸಿನಲ್ಲಿ ನಿಲ್ಲುತ್ತದೆ: ಒಂದು ಹರವು ಇರಬೇಕು, ಅದರಲ್ಲಿ ವಸ್ತುಗಳು ಅಲ್ಲೊಂದು ಇಲ್ಲೊಂದು ಇರಬೇಕು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಚದರ ಕಿಲೋಮೀಟರಿಗೆ 319 ಜನರಿದ್ದರೆ ಕೊಡಗಿನಲ್ಲಿ ಇದ್ದವರು 135 ಮಾತ್ರ. ಹೀಗಾಗಿ ರಾಜ್ಯದ ಇತರ ಜಿಲ್ಲೆಗಳಿಗೆ ಹೋಲಿಸಿ ಕೊಡಗನ್ನು ‘ಸ್ಪಾರ್ಸ್‌ಲಿ ಪಾಪ್ಯುಲೇಟೆಡ್’ ಎನ್ನಬಹುದು. ಮರಗಳನ್ನು ಲೆಕ್ಕಕ್ಕೆ ಹಿಡಿದರೆ ಅದೇ ಜಿಲ್ಲೆ ‘ಡೆನ್ಸ್‌ಲಿ ವುಡೆಡ್’. ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಈ ವಿಶೇಷಣ ಪ್ರದೇಶಕ್ಕೆ ಸೇರುತ್ತದೆಯೇ ಹೊರತು ಅಲ್ಲಿನ ಜನರಿಗಲ್ಲ. ‘ಕೊಡಗಿನ ಜನರು ಸ್ಪಾರ್ಸ್‌ಲಿ ಪಾಪ್ಯುಲೇಟೆಡ್’ ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ.

ಪದದ ಸ್ಥಾನ ಸಾಮಾನ್ಯವಾಗಿ ಭೂತಕೃದಂತಕ್ಕೆ (ಪಾಸ್ಟ್ ಪಾರ್ಟಿಸಿಪಲ್) ಮೊದಲು: ‘ಸ್ಪಾರ್ಸ್‌ಲಿ ಫರ್ನಿಶ್ಡ್’, ‘ಸ್ಪಾರ್ಸ್‌ಲಿ ಅಟೆಂಡೆಡ್’. ನಡುವೆ ಅಡ್ಡಗೆರೆ ಬೇಕಿಲ್ಲ. ನೇರವಾಗಿ ನಾಮಪದ ಬಂದರೆ ‘ಸ್ಪಾರ್ಸ್’ ಸಾಕು.

‘ಸ್ಪೇರಿಂಗ್‌ಲಿ’ಯೊಂದಿಗಿನ ಗೊಂದಲವನ್ನು ಮಾತ್ರ ಗಮನವಿಟ್ಟು ಬಿಡಿಸಿಕೊಳ್ಳಬೇಕು. ಅಡುಗೆಗೆ ಉಪ್ಪನ್ನು ಕೈಹಿಡಿದು ಹಾಕುವುದು ‘ಸ್ಪೇರಿಂಗ್‌ಲಿ’, ಏಕೆಂದರೆ ಅಲ್ಲಿರುವುದು ಬಳಸುವವರ ಮಿತವ್ಯಯ; ‘ಸ್ಪಾರ್ಸ್‌ಲಿ’ಯಲ್ಲಿ ಅಂಥ ಸಂಯಮದ ಸೂಚನೆಯಿಲ್ಲ, ಹರಡಿಕೊಂಡಿರುವ ಸ್ಥಿತಿಯಷ್ಟೇ ಇದೆ.

ಕನ್ನಡಕ್ಕೆ ತರುವಾಗ ಎಲ್ಲ ಕಡೆಯೂ ‘ವಿರಳವಾಗಿ’ ಎಂದು ಬರೆದರೆ ವಾಕ್ಯ ಬಿಗಿದುಕೊಳ್ಳುತ್ತದೆ. ‘ವಿರಳ ಜನವಸತಿಯ ಪ್ರದೇಶ’ ಒಪ್ಪುತ್ತದೆ. ಆದರೆ ‘ವಿರಳವಾಗಿ ಹಾಜರಾದ ಸಭೆ’ ಎನ್ನುವುದಕ್ಕಿಂತ ‘ಸಭೆಗೆ ಬೆರಳೆಣಿಕೆಯಷ್ಟು ಜನ ಬಂದಿದ್ದರು’ ಎಂಬುದೇ ಸರಿಯಾದ ಕನ್ನಡ.