ಲೇತ್‌ನಲ್ಲಿ 25 ಎಚ್7 ರಂಧ್ರ: ರೀಮರ್‌ಗಿಂತ ಮುಂಚಿನ ಕೆಲಸವೇ ಮುಖ್ಯ

ಡ್ರಾಯಿಂಗ್‌ನಲ್ಲಿ 25 ಎಚ್7 ಎಂದಿದ್ದರೆ ರಂಧ್ರ 25.000 ಮಿ.ಮೀ.ಗಿಂತ ಕಿರಿದಾಗಕೂಡದು, 25.021 ದಾಟಕೂಡದು. ರೀಮರ್ (ರಂಧ್ರವನ್ನು ನಿಖರ ಅಳತೆಗೆ ತರುವ ಹಲ್ಲುಗಳುಳ್ಳ ಟೂಲ್) ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯಿಂದಲೇ ಹೆಚ್ಚು ಜಾಬ್‌ಗಳು ಗುಜರಿಗೆ ಹೋಗುವುದು. ರೀಮರ್ ಕೊಡುವುದು ಸೈಜ್ ಮತ್ತು ಫಿನಿಶ್ ಮಾತ್ರ. ಮೊದಲಿನ ರಂಧ್ರ ಓರೆಯಾಗಿದ್ದರೆ ರೀಮರ್ ಕೂಡ ಅದೇ ದಾರಿ ಹಿಡಿಯುತ್ತದೆ.

ಇಎನ್8 ಎಂಬ ಮಧ್ಯಮ ಕಾರ್ಬನ್ ಉಕ್ಕಿನಲ್ಲಿ ಹೊರವ್ಯಾಸ 40, ಉದ್ದ 40 ಮಿ.ಮೀ.ನ ಬುಷ್ (ದಪ್ಪ ಗೋಡೆಯ ಗಿಡ್ಡ ಕೊಳವೆ) ಮಾಡಬೇಕು ಎಂದಿಟ್ಟುಕೊಳ್ಳಿ. 45ರ ರಾಡನ್ನು ಚಕ್‌ನಿಂದ (ಜಾಬನ್ನು ಹಿಡಿದು ತಿರುಗಿಸುವ ಭಾಗ) 60 ಮಿ.ಮೀ. ಹೊರಗೆ ಬಿಟ್ಟು ಕಟ್ಟಿ. ಫೇಸ್ ಮಾಡಿ (ತುದಿಯನ್ನು ಸಮತಟ್ಟು ಮಾಡಿ), ಹೊರಮೈಯನ್ನು 41ಕ್ಕೆ ರಫ್ ಮಾಡಿ. ಸೆಂಟರ್ ಡ್ರಿಲ್ ಹಾಕಿ 12ರ ಡ್ರಿಲ್, ಆಮೇಲೆ 23.5ರ ಡ್ರಿಲ್, 52 ಮಿ.ಮೀ. ಆಳಕ್ಕೆ. ಬುಷ್ ಉದ್ದ 40 ಇರುವಾಗ ಇಷ್ಟು ಆಳ ಯಾಕೆ? ರೀಮರ್‌ನ ಮೂತಿಯ ಇಳಿಜಾರು ಭಾಗ ಪೂರ್ತಿ ಆಚೆ ಹೋಗಬೇಕು, ಚಿಪ್ಸ್‌ಗೂ ಜಾಗ ಬೇಕು.

ಈಗ ಬೋರಿಂಗ್, ಅಂದರೆ ಬಾರ್‌ಗೆ ಕಟ್ಟಿದ ಒಂಟಿ ಟೂಲ್‌ನಿಂದ ರಂಧ್ರವನ್ನು ಅಗಲಿಸುವುದು. ಡ್ರಿಲ್ ಎಳೆದುಕೊಂಡು ಹೋದ ಓರೆಯನ್ನು ತಿದ್ದುವುದು ಇದೊಂದೇ ಹಂತ, ಅವಸರದಲ್ಲಿ ಬಿಟ್ಟುಬಿಡುವುದೂ ಇದನ್ನೇ. 16ರ ಉಕ್ಕಿನ ಬೋರಿಂಗ್ ಬಾರ್ ಟೂಲ್‌ಪೋಸ್ಟ್‌ನಿಂದ 64 ಮಿ.ಮೀ.ಗಿಂತ, ಅಂದರೆ ತನ್ನ ವ್ಯಾಸದ ನಾಲ್ಕು ಪಟ್ಟಿಗಿಂತ, ಹೆಚ್ಚು ಚಾಚಿರಬಾರದು; ಚಾಚಿದರೆ ಅದುರುತ್ತದೆ. 24.75ರಿಂದ 24.80ರೊಳಗೆ ನಿಲ್ಲಿಸಿ. ರೀಮರ್‌ಗೆ ತೀರ ಕಡಿಮೆ ಉಳಿಸಿದರೆ ಅದು ಕತ್ತರಿಸದೆ ಉಜ್ಜುತ್ತದೆ. ಅರ್ಧ ಮಿ.ಮೀ. ಬಿಟ್ಟರೆ ಚಿಪ್ಸ್ ಹಲ್ಲುಗಳ ನಡುವೆ ತುಂಬಿ ಗೋಡೆಗೆ ಗೀರು ಬೀಳುತ್ತದೆ. ಬಾಯಿಗೆ 0.5 ಚಾಂಫರ್ (ಅಂಚಿಗೆ ಇಳಿಜಾರು) ಕೊಡಿ.

ರೀಮರ್ ಹಿಡಿಯುವ ಮುನ್ನ ಚಕ್‌ಗೆ ಡಯಲ್ ಗೇಜ್ ಕಟ್ಟಿ, ಟೇಲ್‌ಸ್ಟಾಕ್‌ನ (ಚಕ್‌ನ ಎದುರಿಗಿದ್ದು ರೀಮರ್ ಹಿಡಿಯುವ ಭಾಗ) ಟೇಪರ್ ಒಳಮೈ ಮೇಲೆ ಸುತ್ತಿಸಿ ನೋಡಿ. ಎದುರುಬದುರು ರೀಡಿಂಗ್‌ಗಳ ವ್ಯತ್ಯಾಸದ ಅರ್ಧದಷ್ಟು ಟೇಲ್‌ಸ್ಟಾಕ್ ಸೆಂಟರ್ ತಪ್ಪಿದೆ ಎಂದರ್ಥ. 0.04 ತೋರಿಸಿದರೆ ತಪ್ಪಿರುವುದು 0.02. ಅದನ್ನು ಸರಿಪಡಿಸಿ, ಇಲ್ಲವೇ ಫ್ಲೋಟಿಂಗ್ ಹೋಲ್ಡರ್ (ರೀಮರ್‌ಗೆ ತುಸು ಅತ್ತಿತ್ತ ಸರಿಯಲು ಬಿಡುವ ಹಿಡಿಕೆ) ಬಳಸಿ.

ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ರೀಮರ್‌ಗೆ ನಿಮಿಷಕ್ಕೆ 8 ಮೀಟರ್ ವೇಗ ಸಾಕು, 25ರ ವ್ಯಾಸಕ್ಕೆ ಸುಮಾರು 100 ಆರ್‌ಪಿಎಂ. ಫೀಡ್ (ರೀಮರ್ ಮುಂದೆ ಸರಿಯುವ ಪ್ರಮಾಣ) ಮಾತ್ರ ಧಾರಾಳವಾಗಿರಲಿ: ಒಂದೊಂದು ಸುತ್ತಿಗೂ 0.3ರಿಂದ 0.4 ಮಿ.ಮೀ. ಕೂಲೆಂಟ್ ನಿಲ್ಲಬಾರದು. ಹೊರತೆಗೆಯುವಾಗ ಸ್ಪಿಂಡಲ್ ಅದೇ ದಿಕ್ಕಿನಲ್ಲಿ ತಿರುಗುತ್ತಿರಲಿ. ಉಲ್ಟಾ ತಿರುಗಿಸಿದರೆ ಚಿಪ್ ಸಿಕ್ಕಿಕೊಂಡು ಹಲ್ಲಿನ ಅಂಚು ಹಾರುತ್ತದೆ.

ಬಾಯಿ ಅಗಲ, ಒಳಗೆ ಸರಿ ಇದ್ದರೆ ತಪ್ಪು ಟೇಲ್‌ಸ್ಟಾಕ್‌ನದು. ಉದ್ದಕ್ಕೂ ದೊಡ್ಡದಾಗಿದ್ದರೆ ಹಲ್ಲಿನ ಅಂಚು ನೋಡಿ, ಲೋಹ ಅಂಟಿರುವ ಸಾಧ್ಯತೆ ಹೆಚ್ಚು. ವೇಗ ಇಳಿಸಿ, ಎಣ್ಣೆ ಹೆಚ್ಚಿಸಿ. ಅದುರಿನ ಗುರುತು ಬಿದ್ದರೂ ಮೊದಲು ಇಳಿಸಬೇಕಾದ್ದು ವೇಗವನ್ನೇ.

ಅದೇ ಸೆಟ್ಟಿಂಗ್‌ನಲ್ಲೇ ಹೊರಮೈಯನ್ನು 40ಕ್ಕೆ ಮುಗಿಸಿ. ಬಿಚ್ಚಿ ಕಟ್ಟಿದರೆ ಒಳಗೂ ಹೊರಗೂ ಒಂದೇ ಸೆಂಟರ್ ಉಳಿಯುವುದಿಲ್ಲ. 40.3 ಉದ್ದಕ್ಕೆ ಪಾರ್ಟ್ ಆಫ್ ಮಾಡಿ (ರಾಡ್‌ನಿಂದ ಕತ್ತರಿಸಿ), ತಿರುಗಿಸಿ ಸಾಫ್ಟ್ ಜಾನಲ್ಲಿ (ಚಕ್‌ನ ಮೆದು ದವಡೆ) ಹಿಡಿದು ಇನ್ನೊಂದು ಬದಿ ಫೇಸ್ ಮಾಡಿ, ಬರ್ (ಅಂಚಿನಲ್ಲಿ ಉಳಿದ ಚೂಪು ಲೋಹ) ತೆಗೆಯಿರಿ.

ಪ್ಲಗ್ ಗೇಜ್ (ರಂಧ್ರದ ಅಳತೆ ಪರೀಕ್ಷಿಸುವ ಉರುಳೆ) ಹಾಕುವುದು ಜಾಬ್ ತಣ್ಣಗಾದ ಮೇಲೆಯೇ. ಅಳತೆಯ ಪ್ರಮಾಣಿತ ಉಷ್ಣತೆ 20 ಡಿಗ್ರಿ. 50 ಡಿಗ್ರಿಯಲ್ಲಿರುವ ಉಕ್ಕಿನ 25ರ ರಂಧ್ರ ಸುಮಾರು 8ರಿಂದ 9 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಬಿಸಿಯಲ್ಲಿ ಗೇಜ್‌ನ ಗೋ ಬದಿ (ಒಳಗೆ ಹೋಗಲೇಬೇಕಾದ ತುದಿ) ಸಲೀಸಾಗಿ ಇಳಿದ ಬುಷ್, ತಣ್ಣಗಾದ ಮೇಲೆ ಅದನ್ನೇ ಒಳಗೆ ಬಿಡದಿರಬಹುದು.