ಕಾಲಿಗೆ ಒಪ್ಪಿಸಿದ ವಾಲ್ಯೂಮ್

ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವನು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಕವಿತೆಯ ಮಾತು ಮುಚ್ಚಿಹೋಗದಂತೆ ನುಡಿಸುವುದನ್ನು. ಪಲ್ಲವಿ ಮುಗಿದು ಚರಣ ಶುರುವಾಗುವವರೆಗಿನ ಬಿಡುವಿನಲ್ಲಿ ಗಿಟಾರ್ ಮುಂದೆ ಬರಬೇಕು, ಗಾಯಕರು ದನಿ ಎತ್ತಿದ ಕೂಡಲೇ ಹಿಂದೆ ಸರಿಯಬೇಕು. ಎರಡೂ ಕೈ ತಂತಿಯ ಮೇಲಿರುವಾಗ ನಾಬ್ ತಿರುಗಿಸಲು ಪುರಸೊತ್ತು ಸಿಗುವುದಿಲ್ಲವಾದ್ದರಿಂದ, ಆ ಕೆಲಸವನ್ನು ಕಾಲಿಗೆ ಒಪ್ಪಿಸಲು ವಾಲ್ಯೂಮ್ ಪೆಡಲ್ ಹುಡುಕಲು ಹೊರಟೆ.

ಮೊದಲ ಪೆಡಲನ್ನು ನಮ್ಮ ಕೀಬೋರ್ಡ್ ವಾದಕರಿಂದಲೇ ಅರ್ಧ ಬೆಲೆಗೆ ಕೊಂಡೆ. ಗಿಟಾರಿನ ಕೇಬಲನ್ನು ನೇರವಾಗಿ ಅದಕ್ಕೆ ಚುಚ್ಚಿ, ಪೂರ್ತಿ ಒತ್ತಿ ನುಡಿಸಿದರೂ ನಾದದ ಹೊಳಪೇ ಇರಲಿಲ್ಲ. ಪಕ್ಕದಲ್ಲಿದ್ದ ತಬಲಾ ವಾದಕರು, “ಏನು ಸಾರ್, ಗಿಟಾರ್‌ಗೆ ನೆಗಡಿಯಾ?” ಎಂದು ಕೇಳಿದರು. ಕೇಬಲ್ ಬದಲಿಸಿದೆ, ಆಂಪಿನ ಟ್ರೆಬಲ್ ಏರಿಸಿದೆ, ಪ್ರಯೋಜನವಾಗಲಿಲ್ಲ.

ದೋಷ ಪೆಡಲಿನದಾಗಿರಲಿಲ್ಲ. ವಿದ್ಯುತ್ ಬೇಡದ ಪ್ಯಾಸಿವ್ ವಾಲ್ಯೂಮ್ ಪೆಡಲ್‌ಗಳಲ್ಲಿ ಎರಡು ಜಾತಿ ಇವೆ. ಸಾಧಾರಣ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಇರುವ ಗಿಟಾರಿಗೆ ನೇರವಾಗಿ ಹಚ್ಚುವವುಗಳಲ್ಲಿ ಸಾಮಾನ್ಯವಾಗಿ 250 ಕಿಲೋಓಮ್ ಪಾಟ್ (ಪೆಡಲ್ ಒತ್ತಿದಂತೆ ಬದಲಾಗುವ ಪ್ರತಿರೋಧಕ) ಇದ್ದರೆ, ಕೀಬೋರ್ಡ್, ಆ್ಯಕ್ಟಿವ್ ಪಿಕಪ್ ಮೊದಲಾದ ಗಟ್ಟಿ ಸಿಗ್ನಲ್‌ಗೆಂದು ಮಾಡಿದವುಗಳಲ್ಲಿ 25 ಕಿಲೋಓಮ್‌ನಷ್ಟು ಕಡಿಮೆಯದು ಇರುತ್ತದೆ. ಬಾಸ್ ಕಂಪನಿಯ ಎಫ್‌ವಿ-500 ಮಾದರಿಯಲ್ಲಿ ಎಚ್ (ಹೈ) ಮತ್ತು ಎಲ್ (ಲೋ) ಎಂದು ಎರಡು ಬಗೆ ಇರುವುದು ಈ ಕಾರಣಕ್ಕೇ. ಪಿಕಪ್ ಎಂದರೆ ಸಾವಿರಾರು ಸುತ್ತು ಸುತ್ತಿದ ಸಣ್ಣ ತಂತಿಯ ಸುರುಳಿ. ಕಡಿಮೆ ಪ್ರತಿರೋಧದ ಪಾಟ್ ಅದರ ಮೇಲೆ ಹೊರೆಯಾಗಿ ಕೂತಾಗ ಮೊದಲು ಸಾಯುವುದು ಮೇಲಿನ ಕಂಪನಗಳು, ಅಂದರೆ ನಾದದ ಹೊಳಪು. ಕೀಬೋರ್ಡಿಗೆ ಸರಿಯಾಗಿದ್ದ ಪೆಡಲ್ ನನ್ನ ಗಿಟಾರಿನ ಗಂಟಲು ಕಟ್ಟಿಸಿತ್ತು.

ಹೊಸದನ್ನು ಕೊಳ್ಳಲು ಅಂಗಡಿಗೆ ಹೊರಟವನು ಒಂದು ಪ್ರಯೋಗ ಮಾಡಿ ನೋಡೋಣವೆಂದು ಪೆಡಲಿನ ಮೊದಲು ಟ್ಯೂನರನ್ನೂ ನಾದಕ್ಕೆ ಒರಟುತನ ಕೊಡುವ ಓವರ್‌ಡ್ರೈವನ್ನೂ ಜೋಡಿಸಿದೆ. ಅವೆರಡರಲ್ಲೂ ಆಫ್ ಇದ್ದಾಗಲೂ ಕೆಲಸ ಮಾಡುವ ಬಫರ್, ಅಂದರೆ ಸಿಗ್ನಲ್ ಹೊರೆಗೆ ಸೋಲದಂತೆ ಕಾಯುವ ಸರ್ಕ್ಯೂಟ್, ಇದೆ. ಬಫರ್ ದಾಟಿ ಬಂದ ಸಿಗ್ನಲ್‌ಗೆ 25 ಕಿಲೋಓಮ್ ಹೊರೆಯೇ ಅಲ್ಲ. ನೆಗಡಿ ಅಲ್ಲಿಗೆ ಬಿಟ್ಟಿತು. ಉಳಿದ ಹಣದಲ್ಲಿ ಒಳ್ಳೆಯ ಕೇಬಲ್‌ಗಳನ್ನು ಕೊಂಡೆ.

ಆಮೇಲೆ ಎದುರಾದದ್ದು ಇಫೆಕ್ಟ್‌ಗಳ ಸಾಲಿನಲ್ಲಿ ವಾಲ್ಯೂಮ್ ಪೆಡಲಿನ ಸ್ಥಾನದ ಪ್ರಶ್ನೆ. ಇದಕ್ಕೆ ನಾನು ಎರಡು ಸಂಜೆಗಳನ್ನು ಕೊಟ್ಟೆ. ಯಾವ ಕಂಪನಿಯ ಪೆಡಲ್ ಎಂದು ತಲೆ ಕೆಡಿಸಿಕೊಂಡ ತಿಂಗಳುಗಳಿಗಿಂತ ಆ ಎರಡು ಸಂಜೆಗಳೇ ಹೆಚ್ಚು ಕಲಿಸಿದವು. ಓವರ್‌ಡ್ರೈವ್‌ಗಿಂತ ಮೊದಲು ಇಟ್ಟಾಗ ಪೆಡಲನ್ನು ಹಿಂದೆ ಎಳೆದರೆ ಸದ್ದಿಗಿಂತ ಮೊದಲು ಒರಟುತನ ಕರಗುತ್ತಿತ್ತು. ಅದು ಗಿಟಾರಿನ ನಾಬ್ ಮಾಡುವ ಕೆಲಸವೇ. ಓವರ್‌ಡ್ರೈವ್ ಆದಮೇಲೆ ಇಟ್ಟಾಗ ಒರಟುತನ ಇದ್ದಂತೆಯೇ ಇದ್ದು ಸದ್ದು ಮಾತ್ರ ತಗ್ಗಿತು, ನನಗೆ ಬೇಕಾದದ್ದು ಅದು. ಇನ್ನು ಸ್ವರವನ್ನು ತಡವಾಗಿ ಮತ್ತೆ ಕೇಳಿಸುವ ಡಿಲೇ ಮತ್ತು ಅನುರಣನ ಕೊಡುವ ರಿವರ್ಬ್ ನಂತರ ಕೊನೆಯಲ್ಲಿ ಇಟ್ಟು ನೋಡಿದರೆ, ಪೆಡಲ್ ಮುಚ್ಚಿದೊಡನೆ ಅನುರಣನವೂ ಕತ್ತರಿ ಹಾಕಿದಂತೆ ನಿಲ್ಲುತ್ತಿತ್ತು. ಅವಕ್ಕಿಂತ ಮೊದಲು ಇಟ್ಟರೆ ಸ್ವರ ಹೊರಗೆ ಹೋದ ಮೇಲೂ ಅದರ ನೆರಳು ಉಳಿದು, ಗಾಯಕರ ಮೊದಲ ಸಾಲಿನ ಕೆಳಗೆ ನಿಧಾನವಾಗಿ ಆರುತ್ತದೆ. ಪೆಡಲ್ ಮುಚ್ಚಿಕೊಂಡು ತಂತಿ ಮೀಟಿ, ಮೀಟಿನ ಪೆಟ್ಟು ಕಳೆದ ಮೇಲೆ ಮುಂದಕ್ಕೆ ಒತ್ತಿದರೆ ಪಿಟೀಲಿನ ಕಮಾನು ಎಳೆದ ಹಾಗೆ ಸ್ವರ ಏಳುತ್ತದೆ. ಹೀಗೆ ಟ್ಯೂನರ್, ಓವರ್‌ಡ್ರೈವ್, ವಾಲ್ಯೂಮ್, ಡಿಲೇ, ರಿವರ್ಬ್ ಎಂಬ ಕ್ರಮ ನೆಲೆಯಾಯಿತು.

ಉಳಿದ ಇಫೆಕ್ಟ್‌ಗಳನ್ನು ಒಂದೊಂದಾಗಿ ಮಾರಿಬಿಟ್ಟೆ. ಕೋರಸ್ ಬಗ್ಗೆ ಈಗಲೂ ಸ್ವಲ್ಪ ಹೊಟ್ಟೆ ಉರಿಯುತ್ತದೆ. ಡಿಲೇಯನ್ನು ಮಾತ್ರ ಹಾಡಿನ ಲಯಕ್ಕೆ ಸರಿಯಾಗಿ ಇಡುತ್ತೇನೆ: ನಿಮಿಷಕ್ಕೆ 80 ಬೀಟ್ ಇರುವ ಹಾಡಿಗೆ ಒಂದು ಬೀಟ್ ಎಂದರೆ 750 ಮಿಲಿಸೆಕೆಂಡ್. ಮುಕ್ಕಾಲು ಬೀಟಿನ ಡಿಲೇ ಎಷ್ಟೇ ಚೆಂದವಿದ್ದರೂ ತಬಲಾದ ಠೇಕಾಕ್ಕೆ ಅಡ್ಡ ಬರುತ್ತದೆಂಬುದು ನನ್ನ ಅಭಿಪ್ರಾಯ.

ವೇದಿಕೆಗೆ ಹೋದಾಗ ಯಾರೂ ಹೇಳಿರದ ಇನ್ನೊಂದು ಸಂಗತಿ ತಿಳಿಯಿತು. ನಮ್ಮಲ್ಲಿ ಚಪ್ಪಲಿ ಕೆಳಗೆ ಬಿಟ್ಟೇ ವೇದಿಕೆ ಹತ್ತುವುದು ರೂಢಿ. ಮನೆಯಲ್ಲಿ ಶೂ ಹಾಕಿ, ನಿಂತು ಅಭ್ಯಾಸ ಮಾಡಿದ್ದ ನಾನು ಅಲ್ಲಿ ಕುರ್ಚಿಯ ಮೇಲೆ ಕೂತು ಬರಿಗಾಲಿನಲ್ಲಿ ಒತ್ತಬೇಕಾಯಿತು. ಬೆವರಿದ ಪಾದ ಜಾರಿತು, ಕೂತ ಕಾಲಿಗೆ ಪೆಡಲಿನ ಓಟ ಉದ್ದವಾಯಿತು. ಈಗ ಅದರ ಮೇಲೆ ಒರಟು ಟೇಪ್ ಅಂಟಿಸಿದ್ದೇನೆ. ಕನಿಷ್ಠ ಮಟ್ಟದ ನಾಬನ್ನೂ ಸ್ವಲ್ಪ ಏರಿಸಿಟ್ಟು, ಪೆಡಲ್ ಪೂರ್ತಿ ಹಿಂದೆ ಬಂದರೂ ಗಿಟಾರ್ ಮೌನವಾಗದೆ ದನಿಯ ಕೆಳಗೆ ಉಳಿಯುವಂತೆ ಮಾಡಿಕೊಂಡಿದ್ದೇನೆ. ಮೀಟಿನ ಪೆಟ್ಟು ಪೂರ್ತಿ ಅಡಗಬೇಕಾದ ಹಾಡು ಬಂದರೆ ಮಾತ್ರ ಅದನ್ನು ಸೊನ್ನೆಗೆ ತಿರುಗಿಸುತ್ತೇನೆ.

ಸೌಂಡ್ ಚೆಕ್‌ನಲ್ಲೂ ಒಮ್ಮೆ ಎಡವಿದ್ದೇನೆ. ಪೆಡಲನ್ನು ಅರ್ಧದಲ್ಲಿಟ್ಟು ನುಡಿಸಿದ್ದಕ್ಕೆ ಮಿಕ್ಸರ್‌ನವರು ಗಿಟಾರನ್ನು ಏರಿಸಿಟ್ಟರು, ಹಾಡಿನ ನಡುವೆ ನಾನು ಪೂರ್ತಿ ಒತ್ತಿದಾಗ ಮುಂದಿನ ಸಾಲಿನಲ್ಲಿದ್ದವರು ಕಿವಿ ಮುಚ್ಚಿಕೊಂಡರು. ಈಗ ಮೊದಲು ಪೂರ್ತಿ ಒತ್ತಿ ನುಡಿಸುತ್ತೇನೆ, ಅವರು ಕೈ ಎತ್ತಿದ ಮೇಲೆಯೇ ಪೆಡಲನ್ನು ಹಿಂದಕ್ಕೆ ತರುತ್ತೇನೆ.